ಲಿನಕ್ಸ್ ಬಳಸುವವರಿಗೆ ದಪ್ಪ, ಕಪ್ಪು, ಹಳೇ ಲ್ಯಾಪ್‌ಟಾಪೇ ಯಾಕೆ ಬೇಕು?

ಹಿಂಜವಡಿ, ಮಗರಪಟ್ಟಾ, ಖರಾಡಿ ಅಂತ ಪುಣೆಯ ಸುತ್ತಲಿರುವ ಐಟಿ ಕಂಪನಿಗಳಲ್ಲಿ ಬಹಳಷ್ಟು ತಮ್ಮ ಲ್ಯಾಪ್‌ಟಾಪ್‌ಗಳನ್ನು ಲೀಸ್ ಮೇಲೆ ತರಿಸಿಕೊಳ್ಳುತ್ತವೆ. ಮೂರ್ನಾಲ್ಕು ವರ್ಷಕ್ಕೆ ಲೀಸ್ ಮುಗಿಯುತ್ತದೆ, ರಾಶಿಗಟ್ಟಲೆ ಲ್ಯಾಪ್‌ಟಾಪ್ ಒಟ್ಟಿಗೆ ಹೊರಗೆ ಬೀಳುತ್ತದೆ. ಒರೆಸಿ, ಬ್ಯಾಟರಿ ನೋಡಿ, ರಿಫರ್ಬಿಶ್ಡ್ ಅಂತ ಹೆಸರಿಟ್ಟು ಮಾರುತ್ತಾರೆ. ಪುಣೆಯ ಪೇಟೆಯಲ್ಲೂ ಸಿಗುತ್ತವೆ, ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲೂ ಸಿಗುತ್ತವೆ. ಅಂಥ ಅಂಗಡಿಯಲ್ಲಿ ಒಬ್ಬರು ಹೊಳೆಯುವ ತೆಳು ಲ್ಯಾಪ್‌ಟಾಪ್‌ಗಳನ್ನೆಲ್ಲ ಬಿಟ್ಟು ಲೆನೊವೊ ಕಂಪನಿಯ ದಪ್ಪ ಕಪ್ಪು ಥಿಂಕ್‌ಪ್ಯಾಡನ್ನೇ ತಿರುವಿ ತಿರುವಿ ನೋಡುತ್ತಿದ್ದರೆ, ಅವರು ಲಿನಕ್ಸ್ ಗಿರಾಕಿ, ಅಂದರೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಬಳಸುವವರು, ಅಂತ ಧೈರ್ಯವಾಗಿ ಹೇಳಬಹುದು.

"ಮಾಮಾ, ಇನ್ನೊಂದಿಷ್ಟು ರೊಕ್ಕ ಹಾಕಿದ್ರ ಹೊಸಾದು ಬರ್ತದ. ಈ ಇಟ್ಟಂಗಿಯಂಥದ್ದು ಯಾಕ?" ವಿಜಯಪುರದಿಂದ ಪುಣೆಗೆ ಓದಲು ಬಂದಿರುವ ನಮ್ಮ ಅಕ್ಕನ ಮಗ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಹಳೇದರ ಮೋಹ, ಜಿಪುಣತನ, ಸುಮ್ನೆ ಹಟ ಅಂತ ಉತ್ತರ ಹೇಳುವವರು ಇದ್ದಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ನಿಜವಾದ ಕಾರಣ ಬೇರೆ. ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪಿನಲ್ಲಿ ವೈಫೈ ಬರದಿದ್ದರೆ ಕಂಪನಿಗೆ ಫೋನ್ ಮಾಡಬಹುದು. ಅದೇ ಲ್ಯಾಪ್‌ಟಾಪಿಗೆ ನೀವೇ ಲಿನಕ್ಸ್ ಹಾಕಿಕೊಂಡರೆ, ಫೋನ್ ಎತ್ತಿದವರು ಮೊದಲು ಹೇಳುವ ಮಾತು "ವಿಂಡೋಸ್ ಹಾಕಿ ನೋಡಿ ಸರ್" ಅಂತಲೇ. ಅಲ್ಲಿಂದ ಮುಂದೆ ಎಲ್ಲ ಹೊಣೆಯೂ ನಿಮ್ಮದೇ. ಹೊಣೆ ತನ್ನ ಮೇಲಿದೆ ಅಂತ ಗೊತ್ತಿರುವವನು ಲ್ಯಾಪ್‌ಟಾಪಿನ ಒಳಗೆ ಏನೇನಿದೆ ಅಂತ ನೋಡಿಯೇ ಕೊಳ್ಳುತ್ತಾನೆ. ಮೇಲಿನ ಬ್ರ್ಯಾಂಡ್ ಆಮೇಲಿನ ಮಾತು.

ಡ್ರೈವರ್ ಎಲ್ಲಿದೆ?

ಒಂದು ಲ್ಯಾಪ್‌ಟಾಪಿನಲ್ಲಿ ಹತ್ತಾರು ಕಂಪನಿಗಳ ಚಿಪ್‌ಗಳಿರುತ್ತವೆ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯದು. ವೈಫೈ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಯಾರದ್ದೂ ಆಗಬಹುದು. ಬೆರಳಚ್ಚು ಓದುವ ಚಿಪ್ ಮತ್ತೊಬ್ಬರದು, ಕ್ಯಾಮೆರಾ ಇನ್ನೊಬ್ಬರದು. ಒಂದೊಂದಕ್ಕೂ ಒಂದೊಂದು ಡ್ರೈವರ್ ಬೇಕು. ಡ್ರೈವರ್ ಅಂದರೆ ಆ ಚಿಪ್ ಹತ್ತಿರ ಕೆಲಸ ಮಾಡಿಸಿಕೊಳ್ಳುವ ಪ್ರೋಗ್ರಾಂ. ವಿಂಡೋಸ್‌ಗೆ ಇದನ್ನು ಚಿಪ್ ಮಾಡಿದವರೇ ಬರೆದುಕೊಡುತ್ತಾರೆ, ಯಾಕೆಂದರೆ ಮಾರುಕಟ್ಟೆ ಇರುವುದು ಅಲ್ಲಿ.

ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಹುಪಾಲು ಕರ್ನೆಲ್‌ನ, ಅಂದರೆ ಇಡೀ ವ್ಯವಸ್ಥೆಯನ್ನು ನಡೆಸುವ ಮೂಲ ಪ್ರೋಗ್ರಾಂನ, ಒಳಗೇ ಇರುತ್ತವೆ. ಕರ್ನೆಲ್‌ನ ಮೂಲ ಕೋಡ್ ಇರುವ ಜಾಗದಲ್ಲೇ ಸಾವಿರಾರು ಡ್ರೈವರ್‌ಗಳ ಕೋಡೂ ಇದೆ. ಇದರಿಂದ ಒಂದು ದೊಡ್ಡ ಲಾಭ ಉಂಟು. ಕರ್ನೆಲ್‌ನಲ್ಲಿ ಏನಾದರೂ ಬದಲಾಯಿಸಿದವರು ಆ ಬದಲಾವಣೆಯಿಂದ ಕೆಡುವ ಡ್ರೈವರ್‌ಗಳನ್ನೂ ತಾವೇ ಸರಿಪಡಿಸಬೇಕು. ಹಾಗಾಗಿ ಒಂದು ಸಲ ಒಳಗೆ ಸೇರಿದ ಡ್ರೈವರ್ ವರ್ಷಗಟ್ಟಲೆ ತಂತಾನೇ ನಡೆದುಕೊಂಡು ಹೋಗುತ್ತದೆ. ಹೊರಗೆ ಉಳಿದ ಡ್ರೈವರ್‌ನ ಕಥೆ ಬೇರೆ. ಯಾರೋ ಒಬ್ಬರು ಬರೆದು ಎಲ್ಲೋ ಇಟ್ಟಿರುತ್ತಾರೆ. ಕರ್ನೆಲ್ ಅಪ್‌ಡೇಟ್ ಆದಾಗ ಅದನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಹೊಸ ಕರ್ನೆಲ್‌ಗೆ ಹೊಂದುವಂತೆ ಕೋಡಿನಿಂದ ಮತ್ತೆ ಕಟ್ಟಬೇಕು, ಆಗದಿದ್ದರೆ ಆವತ್ತು ವೈಫೈ ಇಲ್ಲ. ಅದನ್ನು ಸರಿಮಾಡಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು. ಹೇಗಿದೆ?

ಈ ಕಾರಣಕ್ಕೇ ಲಿನಕ್ಸ್ ಬಳಗದಲ್ಲಿ ಇಂಟೆಲ್ ವೈಫೈ ಕಾರ್ಡ್‌ಗೆ ಅಷ್ಟು ಮರ್ಯಾದೆ. ಡ್ರೈವರ್ ಕರ್ನೆಲ್ ಒಳಗಿದೆ, ಇಂಟೆಲ್‌ನವರೇ ನೋಡಿಕೊಳ್ಳುತ್ತಾರೆ. ಬ್ರಾಡ್‌ಕಾಮ್‌ನ ಕೆಲವು ಕಾರ್ಡ್‌ಗಳಿಗೆ ಕಂಪನಿಯ ಮುಚ್ಚಿದ ಡ್ರೈವರೇ ಗತಿ. ನಮ್ಮ ದೇಶದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕಂಡುಬಂದ ರಿಯಲ್‌ಟೆಕ್ 8821ಸಿಇ ಚಿಪ್ ಕೆಲವು ವರ್ಷ ಕರ್ನೆಲ್‌ನ ಹೊರಗೇ ಇತ್ತು. ಆಮೇಲೆ ಒಳಗೆ ಬಂತು. ಕಿರಿಕಿರಿ ಎಂದರೆ, ಒಂದೇ ಮಾಡೆಲ್ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೈಫೈ ಚಿಪ್ ಇರಬಹುದು. ಡಬ್ಬಿಯ ಮೇಲೆ "ವೈಫೈ 6" ಅಂತ ಮಾತ್ರ ಬರೆದಿರುತ್ತದೆ.

ಕಾರ್ಡ್ ಬದಲಾಯಿಸಿಕೊಂಡರಾಯಿತು ಅನ್ನಬಹುದು. ಬೆಸುಗೆ ಹಾಕಿರದಿದ್ದರೆ ಆಗುತ್ತದೆ, ಆದರೆ ಅದರಲ್ಲೂ ಒಂದು ಮರ್ಮ ಇದೆ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್210 ಕಾರ್ಡ್‌ಗಳು ಎಎಂಡಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತವೆ. ಎಎಕ್ಸ್201 ನಡೆಯುವುದಿಲ್ಲ. ನೋಡಲು ಎಲ್ಲವೂ ಒಂದೇ ಥರ, ತೂತಿಗೆ ಸರಿಯಾಗಿ ಕೂರುತ್ತವೆ. 201ರಲ್ಲಿ ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಜತೆಗಿನ ಚಿಪ್ಪೇ ಮಾಡಬೇಕು, ಎಎಂಡಿಯಲ್ಲಿ ಅದು ಇರುವುದಿಲ್ಲ. ಇನ್ನು ಎಕ್ಸ್230 ಥರದ ಹಳೇ ಥಿಂಕ್‌ಪ್ಯಾಡ್‌ಗಳ ಬಯೋಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪನ್ನು ಶುರುಮಾಡುವ ಒಳಗಿನ ಪ್ರೋಗ್ರಾಂನಲ್ಲಿ, ಒಪ್ಪಿಗೆ ಪಟ್ಟಿಯೇ ಇರುತ್ತಿತ್ತು. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಲ್ಯಾಪ್‌ಟಾಪ್ ಶುರುವಾಗುವುದಕ್ಕೇ ಒಪ್ಪುತ್ತಿರಲಿಲ್ಲ. ಥಿಂಕ್‌ಪ್ಯಾಡನ್ನು ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಮರೆತುಬಿಡುತ್ತಾರೆ.

ಹೊಸತಕ್ಕೆ ಯಾಕೆ ಹೆದರಿಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇವತ್ತು ಬಿಡುಗಡೆಯಾದ ಲ್ಯಾಪ್‌ಟಾಪಿನ ಡ್ರೈವರ್‌ಗಳು ಇತ್ತೀಚಿನ ಕರ್ನೆಲ್‌ನಲ್ಲಿ ಮಾತ್ರ ಇರುತ್ತವೆ. ಡೆಬಿಯನ್, ಉಬುಂಟು ಅಂದರೆ ಕರ್ನೆಲ್ ಜತೆ ಬೇಕಾದ್ದನ್ನೆಲ್ಲ ಸೇರಿಸಿ ಕೊಡುವ ಲಿನಕ್ಸ್‌ನ ಬಗೆಗಳು. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಇರುವುದು 6.1 ಕರ್ನೆಲ್. ಉಬುಂಟು 24.04 ಹೊರಬಂದಾಗ ಇದ್ದದ್ದು 6.8. ನಂಬಿಕೆಯ ಹಳೇ ಡೆಬಿಯನ್ ಬೇಕು, ಲ್ಯಾಪ್‌ಟಾಪ್ ಮಾತ್ರ ಈ ತಿಂಗಳದ್ದು ಬೇಕು ಅಂದರೆ ಎರಡೂ ಒಟ್ಟಿಗೆ ಕೂಡಿಬರುವುದು ಕಷ್ಟ. ಒಂದು ವರ್ಷ ಹಳತಾದ ಮಾಡೆಲ್ ಆದರೆ, ಅಷ್ಟರಲ್ಲಿ ಸಾವಿರಾರು ಜನ ಅದನ್ನು ಬಳಸಿ, ಬೈದು, ತಿದ್ದಿಸಿ ಆಗಿರುತ್ತದೆ.

ಮೊಬೈಲ್‌ಗಳಲ್ಲಿರುವಂಥ ಆರ್ಮ್ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗಳಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ಗಳು ತಮ್ಮಲ್ಲಿ ಏನೇನಿದೆ ಅಂತ ಶುರುವಾಗುವಾಗಲೇ ಕರ್ನೆಲ್‌ಗೆ ಒಂದು ಸಿದ್ಧ ಪಟ್ಟಿಯಲ್ಲಿ ಹೇಳುತ್ತವೆ. ಆರ್ಮ್ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ನಡೆಯಬೇಕಾದರೆ, ಒಂದೊಂದು ಮಾಡೆಲ್‌ಗೂ ಆ ಪಟ್ಟಿಯನ್ನು ಯಾರಾದರೂ ಕೂತು ಬರೆಯಬೇಕು. ತಮಾಷೆ ಎಂದರೆ, ಲಿನಕ್ಸ್ ಹುಟ್ಟಿಸಿದ ಲೀನಸ್ ಟೊರ್ವಾಲ್ಡ್ಸ್ 2022ರಲ್ಲಿ 5.19 ಕರ್ನೆಲ್ ಬಿಡುಗಡೆ ಮಾಡಿದ್ದು ಆರ್ಮ್ ಚಿಪ್ ಇರುವ ಆಪಲ್‌ನ ತೆಳು ಮ್ಯಾಕ್‌ಬುಕ್ ಏರ್‌ನಿಂದ! ಆಪಲ್ ತನ್ನ ಚಿಪ್‌ಗಳ ವಿವರ ಕೊಡದಿದ್ದರೂ, ಅಸಾಹಿ ಲಿನಕ್ಸ್ ಅನ್ನುವ ತಂಡ ಒಳಗಿನದನ್ನೆಲ್ಲ ಕೆದಕಿ ತಿಳಿದು ಡ್ರೈವರ್ ಬರೆದಿತ್ತು. ದಪ್ಪ ಲ್ಯಾಪ್‌ಟಾಪ್ ಯಾರ ವ್ರತವೂ ಅಲ್ಲ. ಡ್ರೈವರ್ ಇದ್ದರೆ ತೆಳುವೂ ಆದೀತು.

ಇದೇ ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಕ್ಯಾಮೆರಾ ಮುಂದೆ, ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದರು. ಡ್ರೈವರ್‌ನ ಕೋಡನ್ನು ಮುಚ್ಚಿಟ್ಟುಕೊಂಡಿದ್ದ ಆ ಕಂಪನಿ ಲಿನಕ್ಸ್ ಜತೆ ಸಹಕರಿಸುವುದಿಲ್ಲ ಅನ್ನುವುದೇ ಸಿಟ್ಟು. 2022ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್‌ನ ಕರ್ನೆಲ್ ಭಾಗವನ್ನು ತೆರೆಯಿತು, ಪರಿಸ್ಥಿತಿ ಸುಧಾರಿಸಿದೆ. ಆದರೂ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅಂಥವುಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ, ಪ್ರೊಸೆಸರ್‌ನದ್ದೊಂದು, ಎನ್‌ವಿಡಿಯಾದ್ದೊಂದು. ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ತೂತಿನ ತಂತಿ ನೇರ ಎನ್‌ವಿಡಿಯಾ ಚಿಪ್‌ಗೇ ಹೋಗುತ್ತದೆ. ಅದರ ಡ್ರೈವರ್ ಸರಿಯಾಗಿ ಕೂತಿಲ್ಲದಿದ್ದರೆ ಲ್ಯಾಪ್‌ಟಾಪಿನ ಪರದೆ ಚೆನ್ನಾಗೇ ಬರುತ್ತದೆ, ಹೊರಗಿನ ಪರದೆ ಬರುವುದಿಲ್ಲ. ಇದು ಗೊತ್ತಾಗುವುದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಎಲ್ಲರೂ ಕೂತ ಮೇಲೆ, ಪ್ರೊಜೆಕ್ಟರ್ ಹಚ್ಚಿದಾಗ. ಎಐ, ಮಷಿನ್ ಲರ್ನಿಂಗ್ ಓದುವವರಿಗೆ ಎನ್‌ವಿಡಿಯಾ ಬೇಕೇ ಬೇಕು, ಅದು ಬೇರೆ ಮಾತು. ಉಳಿದವರಿಗೆ ಇಂಟೆಲ್ ಅಥವಾ ಎಎಂಡಿಯ ಒಳಗಿನ ಗ್ರಾಫಿಕ್ಸ್ ಸಾಕು. ಎರಡರ ಡ್ರೈವರೂ ಕರ್ನೆಲ್‌ನಲ್ಲೇ ಇದೆ.

ಚೀಲದಲ್ಲಿ ಬಿಸಿಯಾಗುವ ಲ್ಯಾಪ್‌ಟಾಪ್

ಪುಣೆಯಿಂದ ಮುಂಬೈಗೆ ಓಡಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಶಿವಾಜಿನಗರದಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿ ಡೆಕ್ಕನ್ ಕ್ವೀನ್ ಹತ್ತಿದಿರಿ ಅನ್ನಿ. ಲೋಣಾವಳಾ ಬರುವಷ್ಟರಲ್ಲಿ ಚೀಲ ಬೆಚ್ಚಗಾಗಿದೆ, ದಾದರ್‌ನಲ್ಲಿ ತೆಗೆದು ನೋಡಿದರೆ ಬ್ಯಾಟರಿ ಅರ್ಧಕ್ಕೆ ಇಳಿದಿದೆ. ಲ್ಯಾಪ್‌ಟಾಪ್ ಮಲಗಿರಲೇ ಇಲ್ಲ.

ಮೊದಲು ನಿದ್ದೆ ಅಂದರೆ ಎಸ್3 ಅಂತ ಒಂದೇ ಬಗೆ ಇತ್ತು. ರ‍್ಯಾಮ್‌ಗೆ ಮಾತ್ರ ಒಂದಿಷ್ಟು ಕರೆಂಟ್, ಉಳಿದದ್ದೆಲ್ಲ ಬಂದ್. ಇದನ್ನು ಲ್ಯಾಪ್‌ಟಾಪಿನ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೇ ಕೂತಿರುವ ಪ್ರೋಗ್ರಾಂ, ನೋಡಿಕೊಳ್ಳುತ್ತಿತ್ತು. ಆಮೇಲೆ ಮೊಬೈಲ್ ಥರ ಲ್ಯಾಪ್‌ಟಾಪ್ ಕೂಡ ಮುಚ್ಚಿದಾಗ ಮೇಲ್ ತರಿಸಿಕೊಳ್ಳಬೇಕು, ತೆರೆದ ಕೂಡಲೇ ಏಳಬೇಕು ಅಂತ ಮೈಕ್ರೋಸಾಫ್ಟ್ ಬಯಸಿತು. ಅದರಿಂದ ಬಂದದ್ದು ಮಾಡರ್ನ್ ಸ್ಟ್ಯಾಂಡ್‌ಬೈ. ಇದರಲ್ಲಿ ಯಾವುದೂ ಪೂರ್ತಿ ಬಂದ್ ಆಗುವುದಿಲ್ಲ. ಒಳಗಿನ ಒಂದೊಂದು ಭಾಗವೂ ತಾನಾಗಿಯೇ ಸುಮ್ಮನಾಗಬೇಕು, ಎಲ್ಲವೂ ಸುಮ್ಮನಾದ ಮೇಲಷ್ಟೇ ಪ್ರೊಸೆಸರ್ ಗಾಢ ನಿದ್ದೆಗೆ ಜಾರುತ್ತದೆ. ಎಸ್‌ಎಸ್‌ಡಿಯೋ ಕಾರ್ಡ್ ರೀಡರೋ ಒಂದು ಎಚ್ಚರ ಇದ್ದರೂ ಪ್ರೊಸೆಸರ್‌ಗೆ ನಿದ್ದೆ ಇಲ್ಲ. ವಿಂಡೋಸ್‌ನಲ್ಲೂ ಈ ಗೋಳು ಇದೆ. ಲಿನಕ್ಸ್‌ನಲ್ಲಿ ಒಂದೊಂದು ಡ್ರೈವರ್‌ಗೂ ಸುಮ್ಮನಿರುವುದನ್ನು ಕಲಿಸಬೇಕಾದ್ದರಿಂದ ಸ್ವಲ್ಪ ಜಾಸ್ತಿ.

ಇಂಟೆಲ್‌ನ 11ನೇ ಪೀಳಿಗೆಯ ಹೊತ್ತಿಗೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಮಾಯವಾಯಿತು. ಅದಕ್ಕಿಂತ ಮುಂಚಿನ ಮಾಡೆಲ್‌ಗಳಲ್ಲಿ ಉಳಿದಿದೆ. 2018ರಲ್ಲಿ ಕೆಲವು ಥಿಂಕ್‌ಪ್ಯಾಡ್‌ಗಳ ಬಯೋಸ್‌ನಲ್ಲಿ ನಿದ್ದೆಗೆ "ವಿಂಡೋಸ್" ಅಥವಾ "ಲಿನಕ್ಸ್" ಅಂತ ಆರಿಸುವ ಜಾಗವೇ ಬಂತು. ಒಂದು ದೊಡ್ಡ ಕಂಪನಿಯ ಸೆಟ್ಟಿಂಗ್ಸ್‌ನಲ್ಲಿ ತಮ್ಮ ಹೆಸರು ಕಂಡ ಲಿನಕ್ಸ್ ಜನ ಇನ್ನೂ ಆ ಖುಷಿಯಲ್ಲೇ ಇದ್ದಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲೂ ಈಗ ನಿದ್ದೆ ಚೆನ್ನಾಗಾಗುತ್ತಿದೆ, ಆದರೆ ಅದು ಮಾಡೆಲ್ ಮೇಲೆ ಹೋಗುತ್ತದೆ. ಕೊಳ್ಳುವ ಮುಂಚೆ ವಿಚಾರಿಸಬೇಕಾದ ಮೊದಲ ವಿಷಯ ಇದೇ ಅಂತ ನನ್ನ ಅಭಿಪ್ರಾಯ. ಪ್ರೊಸೆಸರ್ ವೇಗ ಆಮೇಲೆ ನೋಡಿದರಾಯಿತು.

ಮಧ್ಯದ ಬಟನ್, ಎಸ್ಕೇಪ್ ಕೀಲಿ ಮತ್ತು ಒಂದು ಬೇಡದ ಅತಿಥಿ

ಕೀಬೋರ್ಡ್ ವಿಷಯಕ್ಕೆ ಬಂದರೆ ಲಿನಕ್ಸ್ ಬಳಸುವವರಷ್ಟು ಹಟಮಾರಿಗಳು ಬೇರೆ ಇಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಕಂಪ್ಯೂಟರ್‌ಗೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ದಿನವಿಡೀ ಟೈಪ್ ಮಾಡುವವರಿಗೆ ಕೀಲಿ ಎಷ್ಟು ಒಳಗೆ ಇಳಿಯುತ್ತದೆ, ಎಲ್ಲಿದೆ ಅನ್ನುವುದು ಸಣ್ಣ ವಿಷಯ ಆಗುವುದಿಲ್ಲ.

ಪಠ್ಯ, ಕೋಡ್ ಬರೆಯುವ ವಿಐ ಅನ್ನುವ ಎಡಿಟರ್ ತಗೊಳ್ಳಿ. ಪ್ರೋಗ್ರಾಮರ್ ಬಿಲ್ ಜಾಯ್ ಅದನ್ನು ಬರೆದದ್ದು ಎಡಿಎಂ-3ಎ ಅನ್ನುವ ಟರ್ಮಿನಲ್ ಮೇಲೆ, ಅಂದರೆ ಆ ಕಾಲದ ಪರದೆ-ಕೀಬೋರ್ಡ್ ಯಂತ್ರದ ಮೇಲೆ. ಅದರಲ್ಲಿ ಎಸ್ಕೇಪ್ ಕೀಲಿ ಇದ್ದದ್ದು ಇವತ್ತಿನ ಟ್ಯಾಬ್ ಜಾಗದಲ್ಲಿ, ಕಿರುಬೆರಳಿಗೆ ಸುಲಭವಾಗಿ ಸಿಗುವ ಹಾಗೆ. ಬಾಣದ ಗುರುತು ಇದ್ದದ್ದು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ. ಹಾಗಾಗಿ ವಿಐನಲ್ಲಿ ಮಾತುಮಾತಿಗೂ ಎಸ್ಕೇಪ್ ಒತ್ತಬೇಕು, ಓಡಾಡುವುದು ಆ ನಾಲ್ಕು ಅಕ್ಷರಗಳಿಂದ. ಇವತ್ತಿಗೂ ಹಾಗೆಯೇ. 2016ರಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಪ್ರೊದಲ್ಲಿ ಎಸ್ಕೇಪ್ ಕೀಲಿ ತೆಗೆದು ಮುಟ್ಟುವ ಪಟ್ಟಿ ಕೊಟ್ಟಾಗ ಪ್ರೋಗ್ರಾಮರ್‌ಗಳು ರಂಪ ಮಾಡಿದ್ದು ಇದಕ್ಕೇ. 2019ರಲ್ಲಿ ಕೀಲಿ ವಾಪಸ್ ಬಂತು. ಡೆಲ್ ಕಂಪನಿ 2012ರಲ್ಲೇ ಸ್ಪುಟ್ನಿಕ್ ಅನ್ನುವ ಯೋಜನೆಯಡಿ ಉಬುಂಟು ಹಾಕಿದ ಎಕ್ಸ್‌ಪಿಎಸ್ 13 ಕೊಟ್ಟು ಲಿನಕ್ಸ್ ಜನರ ಮನಸ್ಸು ಗೆದ್ದಿತ್ತು. ಅದೇ ಸಾಲಿನ 2022ರ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಮೇಲಿನ ಸಾಲನ್ನು ಪೂರ್ತಿ ಮುಟ್ಟುವ ಪಟ್ಟಿ ಮಾಡಿತು. ಆಪಲ್ ಕೈಸುಟ್ಟುಕೊಂಡದ್ದನ್ನು ನೋಡಿಯೂ!

ಥಿಂಕ್‌ಪ್ಯಾಡ್‌ನ ಕೆಂಪು ಚುಕ್ಕೆಗೆ ಬರೋಣ. ಐಬಿಎಂ 1992ರಲ್ಲಿ ಮೊದಲ ಥಿಂಕ್‌ಪ್ಯಾಡ್‌ಗಳನ್ನು ತಂದಾಗಲೇ ಅದು ಇತ್ತು. 2005ರಲ್ಲಿ ಲೆನೊವೊ ಆ ವ್ಯಾಪಾರ ಕೊಂಡುಕೊಂಡ ಮೇಲೂ ಉಳಿಯಿತು. ಜಿ, ಎಚ್, ಬಿ ಕೀಲಿಗಳ ನಡುವೆ ಇರುವ ಆ ಚುಕ್ಕೆಯನ್ನು ಬೆರಳಿನಿಂದ ಒತ್ತಿ ವಾಲಿಸಿದರೆ ಮೌಸ್ ಓಡುತ್ತದೆ, ಕೈಯನ್ನು ಕೀಬೋರ್ಡ್‌ನಿಂದ ಎತ್ತುವುದೇ ಬೇಡ. ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನ ಗಮನಿಸುವುದು ಅದರ ಕೆಳಗಿರುವ ಮೂರು ಬಟನ್‌ಗಳನ್ನು. ಲಿನಕ್ಸ್‌ನಲ್ಲಿ ಪಠ್ಯವನ್ನು ಸುಮ್ಮನೆ ಎಳೆದು ಆರಿಸಿದರೆ ಸಾಕು, ಅದು ಕಾಪಿ ಆದ ಹಾಗೆಯೇ. ಮೌಸ್‌ನ ಮಧ್ಯದ ಬಟನ್ ಒತ್ತಿದ ಕಡೆ ಅದು ಪೇಸ್ಟ್ ಆಗುತ್ತದೆ. ಹಳೇ ಯೂನಿಕ್ಸ್ ಕಾಲದ, ಪರದೆ ನೋಡಿಕೊಳ್ಳುವ ಎಕ್ಸ್ ವಿಂಡೋ ಸಿಸ್ಟಮ್‌ನಿಂದ ಬಂದ ಅಭ್ಯಾಸ ಇದು. ಮಧ್ಯದ ಬಟನ್ ನಿಜವಾಗಿ ಇರುವ ಲ್ಯಾಪ್‌ಟಾಪ್‌ಗಳು ಈಗ ಬೆರಳೆಣಿಕೆಯಷ್ಟು. ಟಚ್‌ಪ್ಯಾಡ್ ಮೇಲೆ ಮೂರು ಬೆರಳು ಕುಟ್ಟಿಯೂ ಕೆಲಸ ಆಗುತ್ತದೆ, ಒಂದು ಸಲ ಆಗುತ್ತದೆ, ಇನ್ನೊಂದು ಸಲ ಆಗುವುದಿಲ್ಲ.

2011ರ ಎಕ್ಸ್220, ಟಿ420 ಮಾಡೆಲ್‌ಗಳಿಗೆ ಇವತ್ತಿಗೂ ಭಕ್ತರಿದ್ದಾರೆ. ಏಳು ಸಾಲಿನ ಹಳೇ ಕೀಬೋರ್ಡ್ ಇದ್ದ ಕೊನೆಯ ಪೀಳಿಗೆ ಅದು. ಮರುವರ್ಷದಿಂದ ಆರು ಸಾಲಿನ ಚಪ್ಪಟೆ ಕೀಬೋರ್ಡ್ ಬಂತು. ಅಷ್ಟು ಹಳೆಯ ಲ್ಯಾಪ್‌ಟಾಪನ್ನು ಕೀಬೋರ್ಡಿಗಾಗಿ ಇಟ್ಟುಕೊಳ್ಳುವುದು ನನಗೆ ಅತಿ ಅನಿಸುತ್ತದೆ. ಆದರೆ ಆ ಕೀಬೋರ್ಡ್ ಮೇಲೆ ಒಂದು ಪುಟ ಬರೆದು ನೋಡಿದ ಮೇಲೆ ಬೈಯಲು ಬಾಯಿ ಬರುವುದಿಲ್ಲ.

ಈಚಿನ ತಕರಾರು, ಮೈಕ್ರೋಸಾಫ್ಟ್‌ನ ಎಐ ಸಹಾಯಕನನ್ನು ಕರೆಯುವ ಕೋಪೈಲಟ್ ಕೀಲಿಯದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಇದನ್ನು ಘೋಷಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀಲಿಯ ಜಾಗಕ್ಕೆ ಇದು ಬಂದು ಕೂತಿದೆ. ಲಿನಕ್ಸ್‌ನಲ್ಲಿ ಯಾವ ಕೀಲಿಯನ್ನು ಬೇಕಾದರೂ ಬದಲಾಯಿಸಿಕೊಳ್ಳಬಹುದಲ್ಲ, ಇದಕ್ಕೇನು ಕಷ್ಟ ಅಂತ ಅನಿಸಬಹುದು. ಕಷ್ಟ ಇದೆ. ಈ ಕೀಲಿ ಒಂದು ಸಂಕೇತ ಕಳಿಸುವುದಿಲ್ಲ. ಎಡ ಶಿಫ್ಟ್, ವಿಂಡೋಸ್ ಕೀಲಿ, ಎಫ್23 ಮೂರನ್ನೂ ಒಟ್ಟಿಗೆ ಒತ್ತಿದ ಹಾಗೆ ನಾಟಕ ಆಡುತ್ತದೆ. ಹಾಗಾಗಿ ಅದನ್ನು ಮತ್ತೆ ಕಂಟ್ರೋಲ್ ಮಾಡಿಕೊಳ್ಳಲು ಸೀದಾ ದಾರಿ ಇಲ್ಲ, ಬೇರೆ ಸಾಫ್ಟ್‌ವೇರ್ ಹಾಕಿ ಸರ್ಕಸ್ ಮಾಡಬೇಕು.

ಪರದೆ: ಕನ್ನಡ ಓದುವವರಿಗೆ ಒಂದು ಹೆಚ್ಚುವರಿ ಲೆಕ್ಕ

ಪರದೆಯ ಬಗ್ಗೆ ಲಿನಕ್ಸ್ ಜನರ ಬೇಡಿಕೆ ವಿಚಿತ್ರ. ಅತಿ ಚೂಪಾದ ಪರದೆ ಕಂಡರೆ ಅವರು ಖುಷಿಪಡುವ ಮುಂಚೆ ಕ್ಯಾಲ್ಕ್ಯುಲೇಟರ್ ತೆಗೆಯುತ್ತಾರೆ. 14 ಇಂಚಿನ 1920 ಗುಣಿಸು 1080 ಪರದೆಯಲ್ಲಿ ಇಂಚಿಗೆ ಸುಮಾರು 157 ಚುಕ್ಕೆ (ಪಿಕ್ಸೆಲ್). ಹಿಗ್ಗಿಸದೆ ಹಾಗೆಯೇ ಬಳಸಬಹುದು. 14 ಇಂಚಿನ 2880 ಗುಣಿಸು 1800 ಆದರೆ ಸುಮಾರು 243. ಎಲ್ಲವನ್ನೂ ಸರಿಯಾಗಿ ಎರಡು ಪಟ್ಟು ಹಿಗ್ಗಿಸಿದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಕಷ್ಟ ಬರುವುದು ನಡುವೆ ಸಿಕ್ಕಿಕೊಂಡಾಗ. ಬಿಡಿಭಾಗ ಬದಲಿಸಲು ಆಗುವಂತೆ ಮಾಡಿ ಹೆಸರಾದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 2021ರಲ್ಲಿ ಬಂದಾಗ ಅದರ ಪರದೆ 13.5 ಇಂಚಿಗೆ 2256 ಗುಣಿಸು 1504 ಇತ್ತು. ಇಂಚಿಗೆ ಸುಮಾರು 200. ಹಾಗೇ ಬಿಟ್ಟರೆ ಅಕ್ಷರ ಸಣ್ಣ, ಎರಡು ಪಟ್ಟು ಮಾಡಿದರೆ ದಪ್ಪ, ಒಂದೂವರೆ ಪಟ್ಟು ಬೇಕು. ಆ ಒಂದೂವರೆಯೇ ಲಿನಕ್ಸ್‌ಗೆ ಬಹಳ ಕಾಲ ತಲೆನೋವಾಗಿತ್ತು. ಹಳೇ ಪ್ರೋಗ್ರಾಂಗಳ ಅಕ್ಷರ ಮಸುಕಾಗುತ್ತಿತ್ತು. ಈಗ ಪರದೆ ನೋಡಿಕೊಳ್ಳುವ ವೇಲ್ಯಾಂಡ್ ಅನ್ನುವ ಹೊಸ ವ್ಯವಸ್ಥೆ ಬಂದ ಮೇಲೆ ಎಷ್ಟೋ ವಾಸಿ. ಫ್ರೇಮ್‌ವರ್ಕ್‌ನವರೂ 2024ರಲ್ಲಿ 2880 ಗುಣಿಸು 1920 ಪರದೆ ತಂದರು. ಹಳೇ ಲ್ಯಾಪ್‌ಟಾಪ್ ಇದ್ದವರು ಪರದೆ ಮಾತ್ರ ಕೊಂಡು ತಾವೇ ಬದಲಾಯಿಸಿಕೊಳ್ಳಬಹುದು, ಅದೇ ಅದರ ವಿಶೇಷ.

ಇಂಗ್ಲಿಷ್ ಮಾತ್ರ ಓದುವವರಿಗೆ ಕಾಣದ ಇನ್ನೊಂದು ವಿಷಯ ಇದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ, ಚಿಕ್ಕದಾಗಿ ಬರುತ್ತವೆ. "ರಾಷ್ಟ್ರ" ಅಂತ ಬರೆದು ನೋಡಿ. ಷಕಾರದ ಕೆಳಗೆ ಟಕಾರ, ಅದರ ಜತೆ ರಕಾರ. ಕಡಿಮೆ ಚುಕ್ಕೆಗಳ ಪರದೆಯಲ್ಲಿ ಅದು ಒಂದು ಮುದ್ದೆಯಾಗಿ ಕಾಣುತ್ತದೆ. ಲೀಸ್ ಮುಗಿದ ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ 1366 ಗುಣಿಸು 768 ಪರದೆ ಇನ್ನೂ ಬರುತ್ತದೆ. 14 ಇಂಚಿಗೆ ಅದು ಇಂಚಿಗೆ ಸುಮಾರು 112 ಚುಕ್ಕೆ. ಕೋಡ್ ಬರೆಯಲು ಸಾಲಬಹುದು, ಕನ್ನಡ ಪುಸ್ತಕ ಓದಲು ಕಣ್ಣು ಸೋಲುತ್ತದೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ. ಕೇಳಿ.

ಕನ್ನಡದ ಮಾತು ಬಂತಲ್ಲ, ಪುಣೆಗೂ ಲಿನಕ್ಸ್‌ನ ಕನ್ನಡಕ್ಕೂ ಒಂದು ನಂಟಿದೆ. ಲಿನಕ್ಸ್‌ನಲ್ಲಿ ಬಹುಕಾಲ ನಾವು ನೋಡಿದ ಲೋಹಿತ್ ಫಾಂಟ್‌ಗಳನ್ನು ಮೊದಲು ಮಾಡಿದ್ದು ಪುಣೆಯ ಮಾಡ್ಯುಲರ್ ಇನ್ಫೋಟೆಕ್, 2004ರಲ್ಲಿ ಅವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದು ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿ. ಟೈಪ್ ಮಾಡಲು ಕಗಪ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುತ್ತಲೇ ಇರಬೇಕಾದ್ದರಿಂದ ಕನ್ನಡದಲ್ಲಿ ಬರೆಯುವವರ ಲ್ಯಾಪ್‌ಟಾಪ್‌ನಲ್ಲಿ ಅದು ಬೇಗ ಸವೆದು ಹೊಳೆಯತೊಡಗುತ್ತದೆ.

ಬಿಚ್ಚಲು ಬರುತ್ತದೆಯೇ?

ದಪ್ಪದ ಗುಟ್ಟು ಇಲ್ಲಿದೆ. ರ‍್ಯಾಮ್ ಹಾಕುವ ಸ್ಲಾಟ್‌ಗೆ ಎತ್ತರ ಬೇಕು. ಬೆಸುಗೆ ಹಾಕಿದರೆ ಬೇಡ. ಲ್ಯಾಪ್‌ಟಾಪ್ ತೆಳುವಾಗುತ್ತಾ ಬಂದ ಹಾಗೆ ರ‍್ಯಾಮ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿತು. 8 ಜಿಬಿ ಕೊಂಡರೆ ಸಾಯುವವರೆಗೂ 8 ಜಿಬಿಯೇ. ಲಿನಕ್ಸ್ ಜನ ಒಂದೇ ಲ್ಯಾಪ್‌ಟಾಪಿನೊಳಗೆ ಮತ್ತೆರಡು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್, ಓಡಿಸುವವರು. ಅವರಿಗೆ ಇದು ನುಂಗಲಾರದ ತುತ್ತು. ಸ್ಲಾಟೂ ಇರಲಿ, ತೆಳುವೂ ಇರಲಿ ಅಂತ ಕ್ಯಾಮ್2 ಅನ್ನುವ ಚಪ್ಪಟೆ ರ‍್ಯಾಮ್ ಮಾನದಂಡ 2023ರ ಕೊನೆಗೆ ಬಂದಿದೆ. ಆದರೆ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಇಳಿದು ಬರಲು ಸಮಯ ಬೇಕು.

2018ರ ಥಿಂಕ್‌ಪ್ಯಾಡ್ ಟಿ480 ಇಷ್ಟೊಂದು ಹೆಸರು ಮಾಡಿದ್ದು ಇದಕ್ಕೇ. ಎರಡು ರ‍್ಯಾಮ್ ಸ್ಲಾಟ್. ಒಳಗೊಂದು ಬ್ಯಾಟರಿ, ಹಿಂದೆ ತೆಗೆದು ಹಾಕುವ ಇನ್ನೊಂದು ಬ್ಯಾಟರಿ. ಲ್ಯಾಪ್‌ಟಾಪ್ ನಡೆಯುತ್ತಿರುವಾಗಲೇ ಹಿಂದಿನದನ್ನು ಬದಲಾಯಿಸಬಹುದು. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದರಿಂದ ಗೋವಾದಲ್ಲಿ ಯಾರ ಮನೆಯಲ್ಲಿ ಉಳಿದರೂ ಅವರದೊಂದು ಒಳ್ಳೆಯ ಚಾರ್ಜರ್ ಸಿಗುತ್ತದೆ. ಬ್ಯಾಟರಿ 80 ಶೇಕಡಾಕ್ಕೆ ನಿಲ್ಲಿಸು ಅಂತ ಲಿನಕ್ಸ್‌ನಿಂದಲೇ ಹೇಳಬಹುದು. ದಿನವಿಡೀ ಪ್ಲಗ್‌ನಲ್ಲೇ ಇಡುವವರ ಬ್ಯಾಟರಿಗೆ ಇದರಿಂದ ಆಯುಸ್ಸು. ಕಂಪನಿಯ ಮುಚ್ಚಿದ ಬಯೋಸ್ ಬೇಡ ಅನ್ನುವವರಿಗೆ 2024ರ ಕೊನೆಗೆ ಅದರ ಜಾಗದಲ್ಲಿ ಹಾಕುವ ಲಿಬ್ರೆಬೂಟ್ ಕೂಡ ಈ ಮಾಡೆಲ್‌ಗೆ ಬಂತು. ಅದು ಎಲ್ಲರ ಕೆಲಸವಲ್ಲ, ಬಿಡಿ.

ಅಮೆರಿಕದ ಸಿಸ್ಟಮ್76, ಜರ್ಮನಿಯ ಟಕ್ಸೀಡೊ ಥರದ ಕಂಪನಿಗಳು ಲಿನಕ್ಸ್‌ಗೆಂದೇ ಲ್ಯಾಪ್‌ಟಾಪ್ ಮಾರುತ್ತವೆ. ಒಳ್ಳೆಯವೇ. ಆದರೆ ಪುಣೆಯಲ್ಲಿ ಕೂತು ತರಿಸಿಕೊಂಡರೆ ತೆರಿಗೆ ಬೇರೆ, ಕೆಟ್ಟರೆ ಸಮುದ್ರ ದಾಟಿಸಿ ಕಳಿಸಬೇಕು. ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಮೂರರ ಬಿಡಿಭಾಗವೂ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಇಲ್ಲಿನ ಆಯ್ಕೆ ಬಹುಪಾಲು ಇಷ್ಟರಿಂದಲೇ ತೀರ್ಮಾನ ಆಗುತ್ತದೆ.

ನಮ್ಮ ಕರಾವಳಿಗೆ ಮಾತ್ರ ಸೇರಿದ ಒಂದು ಎಚ್ಚರಿಕೆ. ಮುಟ್ಟಲು ಮೆತ್ತಗಿರುವ ರಬ್ಬರ್ ಥರದ ಲೇಪ ಕೆಲವು ಲ್ಯಾಪ್‌ಟಾಪ್‌ಗಳ ಮೇಲಿರುತ್ತದೆ. ಮುಂಬೈ, ಗೋವಾದ ತೇವಕ್ಕೆ ಅದು ಕೆಲವು ವರ್ಷಗಳಲ್ಲಿ ಕರಗಿ ಅಂಟಂಟಾಗುತ್ತದೆ. ಅಂಗಡಿಯಲ್ಲಿ ಮುಚ್ಚಳದ ಮೇಲೆ ಬೆರಳು ಒತ್ತಿ ಎತ್ತಿ ನೋಡಿ.

ಇನ್ನು ಬೆಲೆ. ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯದನ್ನು ಕೆಲವು ಅಪವಾದ ಬಿಟ್ಟರೆ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 7ನೇ ಪೀಳಿಗೆಯ ಟಿ470 ಥರದವು ವಿಂಡೋಸ್ ಗಿರಾಕಿಗಳಿಗೆ ಬೇಡವಾಗಿವೆ. ಲಿನಕ್ಸ್‌ಗೆ ಆ ಗೆರೆ ಲೆಕ್ಕಕ್ಕಿಲ್ಲ. ಚೌಕಾಸಿ ಮಾಡಲು ಇದು ಒಳ್ಳೆಯ ಕಾಲ.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಇರಲಿ. ಅದರಿಂದಲೇ ಬೂಟ್ ಮಾಡಿದರೆ ಒಳಗಿನ ಡಿಸ್ಕ್‌ಗೆ ಏನೂ ಆಗುವುದಿಲ್ಲ, ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ. ವೈಫೈ ಹುಡುಕುತ್ತದೆಯೇ, ಸ್ಪೀಕರ್, ಕ್ಯಾಮೆರಾ ನಡೆಯುತ್ತವೆಯೇ, ಮುಚ್ಚಿ ತೆರೆದರೆ ಏಳುತ್ತದೆಯೇ ನೋಡಿ. ಇಂಟೆಲ್ 12ನೇ ಪೀಳಿಗೆಯಿಂದ ಈಚಿನ ಕೆಲವು ತೆಳು ಮಾಡೆಲ್‌ಗಳಲ್ಲಿ ಕ್ಯಾಮೆರಾ ಬೇರೆ ಬಗೆಯದು, ಲಿನಕ್ಸ್‌ನಲ್ಲಿ ಬಹಳ ಸತಾಯಿಸಿದೆ. ಬೆರಳಚ್ಚು ನಡೆಯದಿದ್ದರೆ ಬೇಜಾರು ಬೇಡ, ಪಾಸ್‌ವರ್ಡ್ ಇದೆಯಲ್ಲ.

ಥಿಂಕ್‌ಪ್ಯಾಡ್ ಆದರೆ ಶುರುವಾಗುವಾಗ ಎಫ್1 ಒತ್ತಿ ಬಯೋಸ್ ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಕೆಳಗಿಡಿ. ಹಳೇ ಕಂಪನಿ ಅದನ್ನು ತೆಗೆಯದೇ ಬಿಟ್ಟಿದೆ ಅಂತ ಅರ್ಥ. ಒಳಗಿನ ಸಣ್ಣ ಬ್ಯಾಟರಿ ತೆಗೆದರೆ ಹೋಗುತ್ತದೆ ಅಂತ ಅಂಗಡಿಯವರು ಹೇಳಬಹುದು. ಹೋಗುವುದಿಲ್ಲ, ಅದು ಬೇರೆ ಚಿಪ್‌ನಲ್ಲಿ ಬರೆದಿರುತ್ತದೆ. ಟಿ480 ಕೊಂಡರೆ ಮನೆಗೆ ಬಂದ ಕೂಡಲೇ ಯುಎಸ್‌ಬಿ-ಸಿ ತೂತಿನ ಹಿಂದಿರುವ ಥಂಡರ್‌ಬೋಲ್ಟ್ ಚಿಪ್‌ನ ಫರ್ಮ್‌ವೇರ್ ಅಪ್‌ಡೇಟ್ ಆಗಿದೆಯೇ ನೋಡಿಕೊಳ್ಳಿ. ಹಳೇ ಫರ್ಮ್‌ವೇರ್‌ನ ದೋಷದಿಂದ ಯುಎಸ್‌ಬಿ-ಸಿ ಚಾರ್ಜಿಂಗೇ ನಿಂತುಹೋಗುತ್ತಿತ್ತು, ಆಮೇಲೆ ಕಂಪನಿ ತಿದ್ದುಪಡಿ ಕೊಟ್ಟಿತು. ಪೆನ್‌ಡ್ರೈವ್ ಹಚ್ಚಲು ಬಿಡುವುದಿಲ್ಲ ಅನ್ನುವ ಅಂಗಡಿ ಸಿಕ್ಕರೆ ವಾದ ಬೇಡ. ಲ್ಯಾಮಿಂಗ್ಟನ್ ರೋಡಿನಲ್ಲಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.